ಗಾಡಿ ಬೆವರುವುದಿಲ್ಲ: ಅಂಕೋಲೆಯಿಂದ ಹೊರಟ ಒಂದು ಸ್ಪ್ರೇ ಟ್ಯಾನ್ ವ್ಯವಹಾರದ ಪ್ರಕರಣ

ಭಾನುವಾರ ಬೆಳಿಗ್ಗೆ ಏಳು ಗಂಟೆ. ಕಾರವಾರದ ಒಂದು ಸಭಾಭವನದ ಪಕ್ಕದ ಕೋಣೆಯಲ್ಲಿ ಏಳು ಹುಡುಗರು ಸಾಲಾಗಿ ನಿಂತಿದ್ದರು. ಸಂಜೆ ದೇಹದಾರ್ಢ್ಯ ಸ್ಪರ್ಧೆ. ಹಿಂದಿನ ರಾತ್ರಿ ನಾನೇ ಅವರಿಗೆಲ್ಲ ಟ್ಯಾನ್, ಅಂದರೆ ಚರ್ಮವನ್ನು ಕಂದಾಗಿಸುವ ದ್ರಾವಣ, ಹೊಡೆದಿದ್ದೆ. ಮೂರನೆಯವನು ಬೆನ್ನು ತಿರುಗಿಸಿದ. ಕುತ್ತಿಗೆಯಿಂದ ಸೊಂಟದವರೆಗೆ ನಡುಬೆನ್ನಲ್ಲಿ ಒಂದು ಬಿಳಿಚಿದ ಗೆರೆ. ಅದರ ಎರಡೂ ಪಕ್ಕಕ್ಕೆ ಕವಲೊಡೆದ ಸಣ್ಣ ಸಣ್ಣ ಗೆರೆಗಳು. ರಾತ್ರಿಯಿಡೀ ಬೆವರು ಇಳಿದ ದಾರಿ ಅದು. "ಎಂತದು ಮಾರಾಯ, ಹುಲಿವೇಷ ಹಾಕಿದ್ಯಾ?" ಎಂದು ಪಕ್ಕದವನು ನಕ್ಕ. ತನ್ನ ಬೆನ್ನೂ ಹಾಗೇ ಇದೆ ಅಂತ ಅವನಿಗೆ ಗೊತ್ತಿರಲಿಲ್ಲ.

ಹಾಗೆ ಯಾಕಾಯಿತು, ಆಮೇಲೆ ಏನು ಬದಲಾಯಿಸಿದೆವು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ಸ್ಪ್ರೇ ಟ್ಯಾನ್ ವ್ಯವಹಾರ ಶುರು ಮಾಡಬೇಕು ಅನ್ನುವವರು ಮೊದಲು ಕೇಳುವುದು "ಯಾವ ಮಷೀನ್ ತಗೋಬೇಕು" ಅಂತ. ನಾನೂ ಅದನ್ನೇ ಕೇಳಿದ್ದೆ. ನಮ್ಮ ಕೆಲಸ ಕೆಟ್ಟಿದ್ದು ಮಷೀನಿನಿಂದ ಅಲ್ಲ.

ಅಕ್ಕ ಅಂಕೋಲೆಯಲ್ಲಿ ಬ್ಯೂಟಿ ಪಾರ್ಲರ್ ನಡೆಸುತ್ತಾಳೆ. ಮದುವೆ ಸೀಸನ್ನಿನಲ್ಲಿ ಕುಮಟಾ, ಗೋಕರ್ಣ, ಕಾರವಾರ ಅಂತ ಮದುಮಗಳ ಮೇಕಪ್ಪಿಗೆ ಓಡಾಡುತ್ತಾಳೆ. ನನ್ನದು ಹೈವೇ ಬದಿಯ ಡೆಂಟಿಂಗ್-ಪೇಂಟಿಂಗ್ ಗ್ಯಾರೇಜು. ಒಂದು ದಿನ ಬೈಕಿನ ಟ್ಯಾಂಕಿಗೆ ಬಣ್ಣ ಹೊಡೆಸಲು ಬಂದ ಜಿಮ್ ಹುಡುಗ ಕೇಳಿದ: "ಅಣ್ಣಾ, ನಿಮ್ಮಕ್ಕ ಏರ್‌ಬ್ರಷ್ ಮೇಕಪ್ ಮಾಡ್ತಾರಲ್ಲ, ನಮಗೆ ಟ್ಯಾನ್ ಹೊಡೀತಾರಾ?" ಅಲ್ಲಿಯವರೆಗೆ ಅವರು ಬಾಟಲಿ ತರಿಸಿಕೊಂಡು ಸ್ಪಂಜಿನಲ್ಲಿ ತಾವೇ ಹಚ್ಚಿಕೊಳ್ಳುತ್ತಿದ್ದರಂತೆ. ಕೈಗೆ ಸಿಗದ ಬೆನ್ನಿಗೆ ಗೆಳೆಯನ ಸಹಾಯ.

ಮನೆಯಲ್ಲಿ ಹೇಳಿದಾಗ ಅಮ್ಮ ನಂಬಲೇ ಇಲ್ಲ. ಊರಿಡೀ ಬೆಳ್ಳಗಾಗಲು ಕ್ರೀಮ್ ಹಚ್ಚುವಾಗ, ಕಪ್ಪಾಗಲಿಕ್ಕೆ ದುಡ್ಡು ಕೊಡುವವರು ಯಾರು? ಕಾರಣ ಇದೆ. ಸ್ಟೇಜಿನ ಜೋರು ದೀಪಕ್ಕೆ ತಿಳಿ ಬಣ್ಣದ ಚರ್ಮ ಸಪಾಟಾಗಿ ಕಾಣುತ್ತದೆ. ತಿಂಗಳುಗಟ್ಟಲೆ ಉಪ್ಪು ಬಿಟ್ಟು, ಅನ್ನ ಅಳೆದು ತಿಂದು ತಂದ ಕಟ್, ಅಂದರೆ ಸ್ನಾಯುಗಳ ಸ್ಪಷ್ಟ ಗೆರೆ, ಜಡ್ಜ್‌ಗಳ ಕಣ್ಣಿಗೆ ಬೀಳುವುದೇ ಇಲ್ಲ. ಚರ್ಮ ಗಾಢವಾದರೆ ಸ್ನಾಯುವಿನ ಉಬ್ಬು-ತಗ್ಗು ಎದ್ದು ಕಾಣುತ್ತದೆ. ನಮ್ಮಂಥ ಗೋಧಿ ಬಣ್ಣದವರಿಗೂ ಅದು ಬೇಕು. ಯಕ್ಷಗಾನದ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಕೋಣೆಯಲ್ಲಿ, ಕೂತು ನೋಡಿದವರಿಗೆ ಇದು ಹೊಸದಲ್ಲ. ಹತ್ತಿರದಿಂದ ವಿಪರೀತ ಅನ್ನಿಸುವ ಬಣ್ಣ ರಂಗಸ್ಥಳದಲ್ಲಿ ಸರಿಯಾಗಿ ಕಾಣುತ್ತದೆ.

ಒಂದು ವಿಷಯ ಮೊದಲೇ ತೀರ್ಮಾನ ಆಯಿತು. ಗಂಡಸರಿಗೆ ಸ್ಪ್ರೇ ಹೊಡೆಯುವುದು ನಾನು, ಹೆಣ್ಣುಮಕ್ಕಳ ವಿಭಾಗದವರು ಬಂದರೆ ಅಕ್ಕ. ದ್ರಾವಣ, ಚರ್ಮ, ಅಲರ್ಜಿ ಇವೆಲ್ಲದರಲ್ಲಿ ಅವಳ ಮಾತೇ ಕೊನೆ. ನಮ್ಮೂರಲ್ಲಿ ಇದು ಬೇರೆ ಥರ ನಡೆಯುವುದೂ ಇಲ್ಲ, ಅಲ್ವಾ.

ಬಾಟಲಿಯಲ್ಲಿ ಇರುವುದು ಏನು

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇದು ಗೊತ್ತಿಲ್ಲದೆಯೇ ನಾನು ಮೊದಲ ಸಲ ಕೆಲಸ ಕೆಡಿಸಿದ್ದು. ನನ್ನ ತಲೆಯಲ್ಲಿ ಟ್ಯಾನ್ ಅಂದರೆ ಪೇಂಟು. ಮೇಲೆ ಕೂರುವ ಬಣ್ಣ. ಅದು ಹಾಗಲ್ಲ.

ದ್ರಾವಣದಲ್ಲಿ ಇರುವ ಮುಖ್ಯ ವಸ್ತು ಡೈಹೈಡ್ರಾಕ್ಸಿಅಸಿಟೋನ್. ಎಲ್ಲರೂ ಡಿಎಚ್‌ಎ ಅನ್ನುತ್ತಾರೆ. ಅದೊಂದು ಸರಳ ಸಕ್ಕರೆ, ಅದಕ್ಕೆ ತನ್ನದೇ ಬಣ್ಣ ಇಲ್ಲ. ಚರ್ಮದ ತೀರಾ ಮೇಲಿನ ಸತ್ತ ಪದರದಲ್ಲಿರುವ ಅಮೈನೋ ಆಮ್ಲಗಳ ಜೊತೆ ಸೇರಿ ಅದು ಕಂದು ಬಣ್ಣ ಹುಟ್ಟಿಸುತ್ತದೆ. ಕಾವಲಿಯ ಮೇಲೆ ದೋಸೆ ಕೆಂಪಾಗುತ್ತದಲ್ಲ, ಆ ಜಾತಿಯದೇ ಕ್ರಿಯೆ. 1912ರಲ್ಲಿ ಇದನ್ನು ವಿವರಿಸಿದ ಫ್ರಾನ್ಸಿನ ಮೇಯಾರ್ ಎಂಬ ರಸಾಯನಶಾಸ್ತ್ರಜ್ಞನ ಹೆಸರೇ ಇದಕ್ಕಿದೆ. ಡಿಎಚ್‌ಎ ಚರ್ಮಕ್ಕೆ ಬಣ್ಣ ತರುತ್ತದೆ ಅಂತ ಗಮನಿಸಿದ್ದು 1950ರ ದಶಕದಲ್ಲಿ, ಅಮೆರಿಕದ ಸಿನ್ಸಿನಾಟಿಯಲ್ಲಿ, ಇವಾ ವಿಟ್‌ಗೆನ್‌ಸ್ಟೈನ್ ಎಂಬ ಸಂಶೋಧಕಿ. ಮಕ್ಕಳ ಒಂದು ಕಾಯಿಲೆಗೆ ಇದನ್ನು ಔಷಧವಾಗಿ ಕುಡಿಸುತ್ತಿದ್ದರು. ಮಕ್ಕಳು ಉಗುಳಿ ಮೈಮೇಲೆ ಚೆಲ್ಲಿಕೊಂಡ ಕಡೆ ಚರ್ಮ ಕಂದಾಯಿತು, ಬಟ್ಟೆ ಹಾಗೇ ಉಳಿಯಿತು. ಔಷಧಕ್ಕೆ ಹುಡುಕಿದ್ದು ಬಣ್ಣಕ್ಕೆ ಸಿಕ್ಕಿತು.

ಹೊಡೆದ ಕೂಡಲೇ ಕಾಣುವ ಕಂದು ಬಣ್ಣ ಬೇರೆ. ಅದು ಎಲ್ಲಿ ಹೊಡೆದಿದ್ದೇವೆ ಅಂತ ಕಾಣಲಿ ಎಂದು ಬೆರೆಸಿದ ಬಣ್ಣ, ನೀರಿಗೆ ಹೋಗುತ್ತದೆ. ನಿಜವಾದ ಬಣ್ಣ ಎರಡು-ಮೂರು ಗಂಟೆಯ ನಂತರ ಮೆಲ್ಲಗೆ ಏಳುತ್ತದೆ, ಪೂರ್ತಿ ಬರಲಿಕ್ಕೆ ಒಂದು ರಾತ್ರಿ ಬೇಕು. ಆ ಅಷ್ಟೂ ಹೊತ್ತು ಚರ್ಮ ಒಣಗಿ, ತಣ್ಣಗೆ ಇರಬೇಕು. ಬೆವರಿದರೆ ಬೆವರು ಹರಿದಲ್ಲಿ ದ್ರಾವಣ ತೊಳೆದು ಹೋಗುತ್ತದೆ. ಮೇಲಿನ ಸತ್ತ ಪದರ ಉದುರುವಾಗ ಬಣ್ಣವೂ ಉದುರುತ್ತದೆ, ಹಾಗಾಗಿ ಬಾಳಿಕೆ ಐದರಿಂದ ಏಳು ದಿನ.

ಗನ್ನಿನ ಕಥೆ

ಸ್ಪ್ರೇ ಗನ್ ನನಗೆ ಗೊತ್ತು ಅನ್ನುವ ಜಂಬ ಇತ್ತು. ಗ್ಯಾರೇಜಿನಲ್ಲಿ ಕಾರಿಗೆ ಹೊಡೆಯುವ ಗನ್ನಿನ ನಾಜಲ್ 1.4 ಮಿಲಿಮೀಟರ್. ತೊಳೆದು, ಒಣಗಿಸಿ, ನನ್ನದೇ ತೊಡೆಯ ಮೇಲೆ ಪರೀಕ್ಷೆ ಮಾಡಿದೆ. ಟ್ರಿಗರ್ ಒತ್ತಿದ ಎರಡೇ ಸೆಕೆಂಡಿಗೆ ದ್ರಾವಣ ಮೊಣಕಾಲು ದಾಟಿ ಹಿಮ್ಮಡಿಗೆ ಇಳಿಯಿತು. ಅದು ಗಟ್ಟಿ ಪೇಂಟಿಗೆ ಮಾಡಿದ ಗನ್. ನೀರಿನಷ್ಟೇ ತೆಳ್ಳಗಿರುವ ದ್ರಾವಣಕ್ಕೆ 0.5ರಿಂದ 0.8 ಮಿಲಿಮೀಟರಿನ ನಾಜಲ್ ಸಾಕು.

ಅಷ್ಟರಲ್ಲಿ ಅಕ್ಕ ಗ್ಯಾರೇಜಿಗೆ ಬಂದಳು. ನಾನು ದಿನಾ ಸಂಜೆ ಮಾಡುವ ಹಾಗೆ ಕಂಪ್ರೆಸರ್ ಟ್ಯಾಂಕಿನ ಕೆಳಗಿನ ತಿರುಪು ಬಿಚ್ಚಿದೆ. ಪುಸ್ಸೆಂದು ಗಾಳಿಯ ಜೊತೆ ನೀರು ಬಂತು. ಎಣ್ಣೆ ಬೆರೆತ, ಹಾಲು ಜಾಸ್ತಿಯಾದ ಕಾಫಿಯಂಥ ನೀರು. ಕರಾವಳಿಯ ಗಾಳಿಯಲ್ಲಿ ತೇವ ಜಾಸ್ತಿ, ಒತ್ತಿ ತುಂಬಿದ ಗಾಳಿ ಟ್ಯಾಂಕಿನಲ್ಲಿ ತಣ್ಣಗಾಗಿ ನೀರು ಬಿಡುತ್ತದೆ. ಪಿಸ್ಟನ್ನಿನ ಎಣ್ಣೆಯೂ ಸ್ವಲ್ಪ ಸೇರುತ್ತದೆ. ಅಕ್ಕ ಬಗ್ಗಿ ನೋಡಿ, "ಇದನ್ನ ಜನರ ಮೈಮೇಲೆ ಊದ್ತೀಯಾ?" ಎಂದಳು. ಗ್ಯಾರೇಜ್ ಕಂಪ್ರೆಸರಿನ ವಿಚಾರ ಅಲ್ಲಿಗೇ ಮುಗಿಯಿತು.

ಅವಳ ಏರ್‌ಬ್ರಷ್ ಮುಖಕ್ಕೆ ಮಾಡಿದ್ದು. ನಾಜಲ್ ಕೂದಲಿನಷ್ಟು ಸಣ್ಣ. ಅದರಲ್ಲಿ ಒಂದು ಬೆನ್ನು ಮುಗಿಸಲು ಇಪ್ಪತ್ತು ನಿಮಿಷ ಬೇಕಾಯಿತು. ಏಳು ಜನಕ್ಕೆ ಮೂರು ಕೋಟ್ ಅಂದರೆ ಸ್ಪರ್ಧೆಯೇ ಮುಗಿದು ಹೋಗುತ್ತದೆ.

ಕೊನೆಗೆ ಸರಿಯಾದದ್ದನ್ನೇ ತರಿಸಿದೆವು. ಎಚ್‌ವಿಎಲ್‌ಪಿ ಟರ್ಬೈನ್, ಅಂದರೆ ಗಾಳಿ ಜಾಸ್ತಿ, ಒತ್ತಡ ಕಡಿಮೆ ಇರುವ ಯಂತ್ರ. ನಮಗೆ 13,500 ರೂಪಾಯಿ ಬಿತ್ತು. ಅದರಲ್ಲಿ ಟ್ಯಾಂಕ್ ಇಲ್ಲ, ಫ್ಯಾನ್ ತಿರುಗಿ ಗಾಳಿ ನೇರವಾಗಿ ಹೋಸಿಗೆ ಬರುತ್ತದೆ. ಟ್ಯಾಂಕೂ ಇಲ್ಲ, ಪಿಸ್ಟನ್ನೂ ಇಲ್ಲ ಅಂದಮೇಲೆ ನೀರೂ ಇಲ್ಲ, ಎಣ್ಣೆಯೂ ಇಲ್ಲ. ಇನ್ನೊಂದು ಗುಣ ಆಮೇಲೆ ತಿಳಿಯಿತು. ಆ ಗಾಳಿ ಸ್ವಲ್ಪ ಬೆಚ್ಚಗೆ ಬರುತ್ತದೆ, ಹೊಡೆಯುತ್ತಲೇ ಒಣಗಿಸುತ್ತದೆ. ಸದ್ದು ಮಾತ್ರ ಮಿಕ್ಸಿಯ ಅಣ್ಣ.

ಗ್ಯಾರೇಜಿನ ವಿದ್ಯೆ ಪೂರ್ತಿ ದಂಡ ಆಗಲಿಲ್ಲ. ಗನ್ ಚರ್ಮದಿಂದ ಒಂದು ಗೇಣು ದೂರ ಇರಬೇಕು, ಕೈ ಒಂದೇ ವೇಗದಲ್ಲಿ ಹೋಗಬೇಕು, ಒಂದು ಸಾಲು ಹಿಂದಿನ ಸಾಲಿನ ಅರ್ಧ ಮುಚ್ಚಬೇಕು, ಟ್ರಿಗರ್ ಅಂಚು ದಾಟಿದ ಮೇಲೆಯೇ ಬಿಡಬೇಕು. ಇದೆಲ್ಲ ಬಾನೆಟ್ಟಿಗೂ ಒಂದೇ, ಬೆನ್ನಿಗೂ ಒಂದೇ. ಆದರೆ ಚಟ ಬೇಗ ಬಿಡುವುದಿಲ್ಲ. ಮೊದಲ ದಿನ ಕೆಲಸ ಮುಗಿದ ಮೇಲೆ ಗನ್ ತೊಳೆಯಲು ಕೈ ತಾನಾಗಿ ಥಿನ್ನರ್ ಡಬ್ಬಿಗೆ ಹೋಯಿತು. ಅಕ್ಕ ಕೂಗಿದ್ದಕ್ಕೆ ಪಕ್ಕದ ಟೀ ಅಂಗಡಿಯವನು ಇಣುಕಿ ನೋಡಿದ. ಈ ಗನ್ನಿಗೆ ಉಗುರುಬೆಚ್ಚಗಿನ ನೀರು ಮಾತ್ರ. ಥಿನ್ನರ್ ಮುಟ್ಟಿಸಿದರೆ ಒಳಗಿನ ರಬ್ಬರ್ ರಿಂಗ್ ಉಬ್ಬುತ್ತದೆ, ಉಳಿದದ್ದು ಮುಂದಿನವನ ಮೈಗೆ ಹೋಗುತ್ತದೆ.

ಕಾರವಾರದ ಆ ರಾತ್ರಿ

ಸ್ಪರ್ಧೆ ಇದ್ದದ್ದು ಮೇ ತಿಂಗಳಲ್ಲಿ. ಮಳೆ ಇನ್ನೂ ಬಂದಿರಲಿಲ್ಲ, ಆಕಾಶ ಮಾತ್ರ ತುಂಬಿಕೊಂಡಿತ್ತು. ಕಾರವಾರದ ಮೇ ತಿಂಗಳು ಗೊತ್ತಿದ್ದವರಿಗೆ ಜಾಸ್ತಿ ಹೇಳಬೇಕಿಲ್ಲ. ಸ್ನಾನ ಮಾಡಿ ಒರೆಸಿಕೊಳ್ಳುವಷ್ಟರಲ್ಲಿ ಮತ್ತೆ ಒದ್ದೆ.

ಓಮ್ನಿಯಲ್ಲಿ ಇದ್ದದ್ದು ಇಷ್ಟು: ಟರ್ಬೈನ್, ಗನ್, ಎರಡು ಲೀಟರ್ ದ್ರಾವಣ, ಮಡಚುವ ಟೆಂಟ್, ಗ್ಲೌಸ್, ತಲೆಗೆ ಹಾಕುವ ತೆಳ್ಳನೆ ಟೋಪಿಗಳು, ಪಾದದ ಕೆಳಗೆ ಅಂಟಿಸುವ ಸ್ಟಿಕರ್, ಬಣ್ಣ ಹಿಡಿಯದಂತೆ ತಡೆಯುವ ಬ್ಯಾರಿಯರ್ ಕ್ರೀಮ್ ಒಂದು ಡಬ್ಬಿ, ಟವೆಲ್. ಪೇಪರಿನ ಮೇಲೆ ನೋಡಿದರೆ ಎಲ್ಲ ಇತ್ತು.

ಟೆಂಟ್ ಹಾಕಿದೆವು. ಮೂರು ಕಡೆ ಮುಚ್ಚಿದ ನೈಲಾನ್ ಗೂಡು ಅದು, ಸ್ಪ್ರೇಯ ಮಂಜು ಗೋಡೆಗೆ ಹೋಗದಂತೆ ತಡೆಯುತ್ತದೆ. ತಣ್ಣನೆ ದೇಶದವರಿಗೆ ಸರಿ. ಇಲ್ಲಿ ಅದರೊಳಗೆ ನಿಂತ ಹುಡುಗ ಎರಡು ನಿಮಿಷಕ್ಕೆ ಬೆವರಲು ಶುರು ಮಾಡಿದ. ಒರೆಸಿ ಹೊಡೆದೆ. ಮತ್ತೆ ಬೆವರಿದ. ಭವನದ ಮ್ಯಾನೇಜರ್ ಪಾಪ, ಒಳ್ಳೆಯ ಮನಸ್ಸಿನಿಂದ ಏರ್ ಕೂಲರ್ ತಂದಿಟ್ಟರು. ಕೂಲರ್ ನೀರಿನ ಮೂಲಕ ಗಾಳಿ ಊದುತ್ತದೆ. ಮೊದಲೇ ಒದ್ದೆ ಇದ್ದ ಕೋಣೆ ಮತ್ತೂ ಒದ್ದೆಯಾಯಿತು. ಅದನ್ನು ನಾವು ಅರ್ಥ ಮಾಡಿಕೊಂಡಾಗ ಐದು ಜನರ ಕೆಲಸ ಮುಗಿದಿತ್ತು.

ಒಂಬತ್ತೂವರೆಗೆ ಕರೆಂಟ್ ಹೋಯಿತು. ಭವನದಲ್ಲಿ ಜನರೇಟರ್ ಇತ್ತು, ಆದರೆ ಅದರ ಲೈನ್ ಇದ್ದದ್ದು ಸ್ಟೇಜಿಗೆ ಮತ್ತು ಹಾಲಿನ ಲೈಟಿಗೆ. ಪಕ್ಕದ ಕೋಣೆಗೆ ಇಲ್ಲ. ಆರನೆಯವನು ಅರ್ಧ ಕಪ್ಪು, ಅರ್ಧ ತನ್ನದೇ ಬಣ್ಣದಲ್ಲಿ ನಲವತ್ತು ನಿಮಿಷ ನಿಂತ. ಕೂರುವ ಹಾಗಿಲ್ಲ, ಕೂತರೆ ಕುರ್ಚಿಯ ಪಟ್ಟಿ ಬೆನ್ನಿಗೆ ಬರುತ್ತದೆ.

ಬೆಳಿಗ್ಗೆ ಬೇರೆ ಬೇರೆ ಲೆಕ್ಕ ಬಂತು. ಇಬ್ಬರಿಗೆ ಭುಜ, ಎದೆಯ ಮೇಲೆ ಅಂಗೈಯಗಲ ಬಣ್ಣವೇ ಹಿಡಿದಿರಲಿಲ್ಲ. ಕೇಳಿದರೆ ತೆಂಗಿನೆಣ್ಣೆ. ದಿನಾ ಸಂಜೆ ಜಿಮ್ಮಿನಿಂದ ಬಂದು ಎಣ್ಣೆ ತಿಕ್ಕಿ ಸ್ನಾನ ಮಾಡುವ ರೂಢಿ. ಇದನ್ನು ಯೋಚಿಸಿದಾಗ ನಗು ಬರುತ್ತದೆ. ನಮ್ಮ ಮಾವ ಒಂದು ಕಾಲದಲ್ಲಿ ಹವ್ಯಾಸಿ ವೇಷಧಾರಿ. ಚೌಕಿಯಲ್ಲಿ ಬಣ್ಣ ಕಲಸುವುದೇ ತೆಂಗಿನೆಣ್ಣೆಯಲ್ಲಿ, ಬೆಳಗಿನ ಜಾವ ಬಣ್ಣ ತೆಗೆಯುವುದೂ ತೆಂಗಿನೆಣ್ಣೆಯಲ್ಲಿ. ಬಣ್ಣ ಅಂದರೆ ಎಣ್ಣೆ ಅಂತಲೇ ನಾವು ಬೆಳೆದವರು. ಡಿಎಚ್‌ಎಗೆ ಎಣ್ಣೆಯ ಪದರ ಅಡ್ಡ ಬಂದರೆ ಚರ್ಮ ಸಿಗುವುದೇ ಇಲ್ಲ.

ಕೊನೆಯ ಹುಡುಗನ ಹೊತ್ತಿಗೆ ಬ್ಯಾರಿಯರ್ ಕ್ರೀಮ್ ಖಾಲಿ. ಅಂಗೈ, ಉಗುರು, ಹಿಮ್ಮಡಿಯ ದಪ್ಪ ಚರ್ಮ ಬಣ್ಣವನ್ನು ಜಾಸ್ತಿ ಕುಡಿಯುತ್ತದೆ. ಅಲ್ಲಿ ಮೊದಲೇ ಕ್ರೀಮ್ ಹಚ್ಚಬೇಕು. ಅವನ ಅಂಗೈ ಕಿತ್ತಳೆಯಾಯಿತು. ಅವನದು ಅಂಗಡಿಯ ಕೌಂಟರಿನಲ್ಲಿ ಕೆಲಸ. ಚಿಲ್ಲರೆ ಕೊಡುವಾಗ ಯಾರೋ ಅಂಗೈ ನೋಡಿ, "ಕಾಮಾಲೆ ಇರಬಹುದು, ಡಾಕ್ಟ್ರ ಹತ್ರ ತೋರಿಸು" ಎಂದರಂತೆ.

ಒಂದು ಬಾಟಲಿಯ ದ್ರಾವಣ ಹೊಡೆದವರಿಗೆಲ್ಲ ಬಣ್ಣ ತಿಳಿಯಾಗಿ ಬಂತು. ಅದು ನನ್ನದೇ ತಪ್ಪು. ಮೂರು ವಾರ ಓಮ್ನಿಯ ಸೀಟಿನ ಅಡಿಗೆ ಬಿದ್ದಿತ್ತು, ಏಪ್ರಿಲ್ ಬಿಸಿಲಿನಲ್ಲಿ. ಡಿಎಚ್‌ಎ ಬಿಸಿಗೆ ಕೆಡುತ್ತದೆ. ಪೇಂಟ್ ಡಬ್ಬಿ ವರ್ಷಗಟ್ಟಲೆ ಗ್ಯಾರೇಜಿನಲ್ಲಿ ಬಿದ್ದಿರುತ್ತದೆ ಅಂತ ಇದನ್ನೂ ಹಾಗೇ ಬಿಟ್ಟಿದ್ದೆ.

ಆ ದಿನದ ಲೆಕ್ಕ: ಏಳು ಜನರಿಂದ ತಲೆಗೆ 2,000ದಂತೆ 14,000 ಬಂತು. ನಾಲ್ಕು ಜನರಿಗೆ ಅರ್ಧ ವಾಪಸ್ ಕೊಟ್ಟೆವು, 4,000. ದ್ರಾವಣ ಒಂದೂವರೆ ಲೀಟರ್, 6,750. ಒಮ್ಮೆ ಬಳಸಿ ಎಸೆಯುವ ಸಾಮಾನು 1,050. ಟೈಲ್ಸಿನ ಸಂದಿಯಲ್ಲಿ ಕಲೆ ಉಳಿಯಿತೆಂದು ಭವನದವರು ಹಿಡಿದದ್ದು 1,500. ಪೆಟ್ರೋಲ್ 400. ಉಳಿದದ್ದು 300 ರೂಪಾಯಿ. ಇಬ್ಬರೂ ಮೀನೂಟ ಮಾಡಿ ಅಂಕೋಲೆಗೆ ಬಂದೆವು.

ಪಟ್ಟಿ ಬದಲಾದ ರೀತಿ

ಮಳೆಗಾಲ ಪೂರ್ತಿ ಕೆಲಸ ಇರಲಿಲ್ಲ. ಅದೇ ಒಳ್ಳೆಯದಾಯಿತು. ಅಕ್ಕ ಒಂದು ನೋಟ್‌ಬುಕ್ಕಿನಲ್ಲಿ ಎಲ್ಲ ಬರೆದಿಟ್ಟಿದ್ದಳು. ನಾನು ದೊಡ್ಡ ಮಷೀನ್ ತಗೊಳ್ಳೋಣ ಅಂದೆ. ಅವಳು ಕೇಳಿದ್ದು ಒಂದೇ: "ಗಾಡಿ ಬೆವರ್ತದಾ?"

ಹಾಗಾಗಿ ಮೊದಲು ಕೋಣೆಯ ವಿಚಾರ. ಈಗ ಎಸಿ ಇರುವ ಲಾಡ್ಜ್ ರೂಮ್ ಇಲ್ಲದಿದ್ದರೆ ಆರ್ಡರ್ ತಗೊಳ್ಳುವುದಿಲ್ಲ. ಎಸಿ ಕೋಣೆಯನ್ನು ತಣ್ಣಗೆ ಮಾಡುವ ಜೊತೆಗೆ ಗಾಳಿಯ ನೀರನ್ನೂ ಎಳೆಯುತ್ತದೆ, ಹೊರಗೆ ಪೈಪಿನಲ್ಲಿ ತೊಟ್ಟಿಕ್ಕುವುದು ಅದೇ ನೀರು. ರೂಮಿನ ಬಾಡಿಗೆಯನ್ನು ಹುಡುಗರು ಹಂಚಿಕೊಳ್ಳುತ್ತಾರೆ, ರಾತ್ರಿ ಅಲ್ಲೇ ಮಲಗುತ್ತಾರೆ. ಜೊತೆಗೆ 450 ರೂಪಾಯಿಯ ಒಂದು ಪುಟ್ಟ ಮೀಟರ್ ತಂದೆವು, ಉಷ್ಣತೆ, ತೇವಾಂಶ ಎರಡನ್ನೂ ತೋರಿಸುತ್ತದೆ. ತೇವಾಂಶ ಶೇಕಡಾ 60ರ ಕೆಳಗೆ ಬಂದ ಮೇಲೆಯೇ ಗನ್ ಹಿಡಿಯುವುದು. ಈ ಗಡಿ ನಾವೇ ಹಾಕಿಕೊಂಡದ್ದು. ನನ್ನ ಪ್ರಕಾರ ಕರಾವಳಿಯಲ್ಲಿ ಈ ಕೆಲಸಕ್ಕೆ ಇದರಷ್ಟು ಬೆಲೆಬಾಳುವ ಸಾಮಾನು ಇನ್ನೊಂದಿಲ್ಲ.

ಲಾಡ್ಜಿನವರನ್ನು ಒಪ್ಪಿಸುವುದು ಬೇರೆಯೇ ಕೆಲಸ. ನೆಲಕ್ಕೆ ದಪ್ಪ ಪ್ಲಾಸ್ಟಿಕ್ ಶೀಟ್, ಅದರ ಮೇಲೆ ಹಳೇ ಬೆಡ್‌ಶೀಟ್, ಅಂಚಿಗೆಲ್ಲ ಮಾಸ್ಕಿಂಗ್ ಟೇಪ್. ಇದು ಗ್ಯಾರೇಜಿನಿಂದ ಬಂದ ಬುದ್ಧಿ. ಕಾರಿನ ಗಾಜು ಮುಚ್ಚುವವನಿಗೆ ಲಾಡ್ಜಿನ ಗೋಡೆ ಮುಚ್ಚುವುದು ಎಷ್ಟು ಹೊತ್ತು? ಹಾಸಿಗೆಗೆ ನಮ್ಮದೇ ಕಪ್ಪು ಚಾದರ. ಟೆಂಟಿನ ಹಿಂದಿನ ಬಟ್ಟೆ ಕತ್ತರಿಸಿ, ಅಲ್ಲಿ ಪೇಂಟ್ ಬೂತಿಗೆ ಹಾಕುವ ಫಿಲ್ಟರ್ ಬಟ್ಟೆ ಹೊಲಿಸಿದೆ. ಅದರ ಹಿಂದೆ ಒಂದು ಎಕ್ಸಾಸ್ಟ್ ಫ್ಯಾನ್, ಬಾತ್‌ರೂಮಿನ ಕಿಟಕಿಯ ಕಡೆಗೆ. ಮಂಜು ಅತ್ತ ಹೋಗುತ್ತದೆ, ಟೆಂಟ್ ಒಲೆಯಾಗುವುದಿಲ್ಲ. ಎರಡು ಪೆಡೆಸ್ಟಲ್ ಫ್ಯಾನ್ ಇವೆ. ಹೊಡೆಯುವಾಗ ಅವು ಬಂದ್. ಕೋಟ್ ಮುಗಿದ ಮೇಲೆ ಹತ್ತು ನಿಮಿಷ ಹುಡುಗ ಕೈಕಾಲು ಅಗಲಿಸಿ ಫ್ಯಾನಿನ ಮುಂದೆ ಬೆದರುಬೊಂಬೆಯ ಹಾಗೆ ನಿಲ್ಲುತ್ತಾನೆ.

ದ್ರಾವಣಕ್ಕೆ ಥರ್ಮಾಕೋಲ್ ಪೆಟ್ಟಿಗೆ. ಕಾರವಾರದ ಬಂದರಿನ ಹತ್ತಿರ ಮೀನಿನ ಐಸ್ ಪೆಟ್ಟಿಗೆ ಸುಮ್ನೆ ಸಿಗುತ್ತಿತ್ತು. ಅಕ್ಕ ಮೂಸಿ ನೋಡಿ ಹೊರಗೆ ಇಟ್ಟಳು. ಡಿಎಚ್‌ಎಗೆ ಮೊದಲೇ ಹಳೇ ಬಿಸ್ಕತ್ ಡಬ್ಬಿಯ ವಾಸನೆ, ಅದರ ಮೇಲೆ ಬಂಗಡೆ ಬೇಡ ಎಂದಳು. ಹೊಸದೇ ತಂದೆವು. ಒಳಗೆ ಐಸ್ ಪ್ಯಾಕ್, ಮಧ್ಯೆ ಟವೆಲ್, ಬಾಟಲಿ ನೇರ ಐಸಿಗೆ ತಾಗಬಾರದು. ಕೆಲಸಕ್ಕೆ ಅರ್ಧ ಗಂಟೆ ಮೊದಲು ಹೊರಗೆ ತೆಗೆಯಬೇಕು. ಬಾಟಲಿ ತೆರೆದ ತಾರೀಖನ್ನು ಮಾರ್ಕರಿನಲ್ಲಿ ಬರೆಯುತ್ತೇವೆ. ಸ್ಪರ್ಧೆಗೆ ಒಬ್ಬನಿಗೆ ಮೂರು ಕೋಟ್ ಸೇರಿ ಸುಮಾರು 200 ಮಿಲಿಲೀಟರ್ ಹೋಗುತ್ತದೆ. ಆಳು ದೊಡ್ಡವನಾದರೆ ಇನ್ನೂ ಸ್ವಲ್ಪ. ಸಾಧಾರಣ ಒಂದು ಕೋಟಿನ ಟ್ಯಾನಿಗೆ 60 ಸಾಕು. ಹಾಗಾಗಿ ಲೀಟರಿಗೆ ಐದು ಜನ ಅಂತ ಹಿಡಿದು ತರಿಸುತ್ತೇವೆ, ಹೆಚ್ಚಿಗೆ ಇಟ್ಟುಕೊಳ್ಳುವುದಿಲ್ಲ.

ಕರೆಂಟಿಗೆ ಸುಲಭ ದಾರಿ ಸಿಗಲಿಲ್ಲ. ಟರ್ಬೈನ್ 700 ವಾಟ್. ಮನೆಯ ಇನ್ವರ್ಟರ್ ಹೊತ್ತು ಹೋಗುವುದು ಹುಚ್ಚುತನ. ಈಗ ಬುಕಿಂಗ್ ಸಮಯದಲ್ಲೇ ಕೇಳುತ್ತೇವೆ, ಜನರೇಟರ್ ಲೈನ್ ರೂಮಿಗೂ ಇದೆಯಾ, ಯಾವ ಪ್ಲಗ್ಗಿಗೆ ಅಂತ. ಜೊತೆಗೆ ಹತ್ತು ಮೀಟರಿನ ದಪ್ಪ ವೈರಿನ ಎಕ್ಸ್‌ಟೆನ್ಷನ್. ತೆಳ್ಳಗಿನದು ಬಿಸಿಯಾಗುತ್ತದೆ.

ಎಣ್ಣೆಯ ವಿಚಾರಕ್ಕೆ ಬೇಕಾದದ್ದು ಒಂದು ವಾಟ್ಸಾಪ್ ಮೆಸೇಜ್. ಅಕ್ಕ ಸ್ಪ್ರೇಗೆ ಐದು ದಿನ ಮೊದಲು ಕಳಿಸುತ್ತಾಳೆ, ಮೂರು ದಿನ ಮೊದಲು ಮತ್ತೊಮ್ಮೆ. ಎಣ್ಣೆ ಬೇಡ, ಕ್ರೀಮ್ ಬೇಡ. ದಿನಾ ಒರಟು ಬಟ್ಟೆಯಲ್ಲಿ ಮೈ ತಿಕ್ಕಿ ಸತ್ತ ಚರ್ಮ ತೆಗೆಯಿರಿ. ಶೇವಿಂಗ್ ಹಿಂದಿನ ದಿನವೇ ಮುಗಿಯಲಿ. ಆ ದಿನ ಡಿಯೋಡರೆಂಟ್ ಹಾಕಿದರೆ ಕಂಕುಳು ಹಸಿರಾಗಬಹುದು. ಕೊನೆಯ ಸ್ನಾನಕ್ಕೆ ಸೋಪಿಲ್ಲದ ನೀರು, ಯಾಕಂದರೆ ಡಿಎಚ್‌ಎಗೆ ಸ್ವಲ್ಪ ಹುಳಿ ಗುಣದ ಚರ್ಮ ಬೇಕು, ಸೋಪು ಅದಕ್ಕೆ ಉಲ್ಟಾ. ಮೆಸೇಜಿನ ಕೊನೆಗೆ ದಪ್ಪಕ್ಷರದಲ್ಲಿ: "ತೆಂಗಿನೆಣ್ಣೆಯೂ ಎಣ್ಣೆಯೇ."

ಉಸಿರು, ಕಣ್ಣು, ತುಟಿ

ಇಲ್ಲಿ ನಮ್ಮಿಬ್ಬರಿಗೆ ಜಗಳವೇ ಆಯಿತು. ಗ್ಯಾರೇಜಿನಲ್ಲಿ ಕರ್ಚೀಫ್ ಕಟ್ಟಿ ಪೇಂಟ್ ಹೊಡೆದವನು ನಾನು. ಸಕ್ಕರೆ ನೀರಿಗೆ ಮಾಸ್ಕ್ ಯಾಕೆ ಅಂದೆ. ಅಕ್ಕ ಬಿಡಲಿಲ್ಲ. ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಡಿಎಚ್‌ಎಯನ್ನು ಮೈಮೇಲೆ ಹಚ್ಚಲು ಒಪ್ಪಿದೆ. ಆದರೆ ಕಣ್ಣಿನ ಸುತ್ತ, ತುಟಿಗೆ, ಉಸಿರಿನೊಳಗೆ ಹೋಗುವಂತೆ ಬಳಸಲು ಒಪ್ಪಿಲ್ಲ. ಸ್ಪ್ರೇ ಮಾಡುವಾಗ ಅವನ್ನು ಮುಚ್ಚಿಕೊಳ್ಳಿ ಎಂದೇ ಹೇಳುತ್ತದೆ. ಯುರೋಪಿನಲ್ಲಿ ಈಗ ಇಂಥ ಉತ್ಪನ್ನಗಳಲ್ಲಿ ಡಿಎಚ್‌ಎ ಶೇಕಡಾ 10 ಮೀರುವಂತಿಲ್ಲ. ಸ್ಪರ್ಧೆಯ ದ್ರಾವಣಗಳು ಅದಕ್ಕಿಂತ ಗಟ್ಟಿ ಬರುವುದುಂಟು. ನಾವು ಗಟ್ಟಿ ಬಾಟಲಿಗೆ ಹೋಗದೆ ಕೋಟ್ ಹೆಚ್ಚು ಮಾಡುತ್ತೇವೆ.

ಹಾಗಾಗಿ ಪೆಟ್ಟಿಗೆಯಲ್ಲಿ ನನಗೆ ಎನ್95 ಮಾಸ್ಕ್, ಕನ್ನಡಕ. ಹುಡುಗರಿಗೆ ಮೂಗಿನ ಫಿಲ್ಟರ್, ತುಟಿಗೆ ಬಾಮ್, ಕಣ್ಣಿಗೆ ಪಟ್ಟಿ. ಮುಖಕ್ಕೆ ಗನ್ ಹಿಡಿಯುವುದೇ ಇಲ್ಲ, ಕೈಗವಸಿನಂಥ ಸ್ಪಂಜಿನಲ್ಲಿ ಅಕ್ಕ ಹಚ್ಚುತ್ತಾಳೆ. ಉಬ್ಬಸ ಇದ್ದವರಿಗೆ ಮೈಗೂ ಸ್ಪಂಜೇ. ಎಲ್ಲರಿಗೂ ಎರಡು ದಿನ ಮೊದಲು ಮೊಣಕೈ ಒಳಭಾಗದಲ್ಲಿ ಒಂದು ಚುಕ್ಕೆ ಹಚ್ಚಿ ನೋಡುತ್ತೇವೆ. ದೂರದವರಿಗೆ ಸಣ್ಣ ಸೀಸೆಯಲ್ಲಿ ಬಸ್ಸಿಗೆ ಹಾಕಿ ಕಳಿಸಿದ್ದೂ ಇದೆ. ತುರಿಕೆ ಬಂದರೆ ಮುಂಗಡ ವಾಪಸ್, ಮಾತೇ ಇಲ್ಲ. ಇನ್ನೊಂದು, ಈ ಬಣ್ಣ ಬಿಸಿಲಿಗೆ ರಕ್ಷಣೆ ಕೊಡುವುದಿಲ್ಲ. ಕಪ್ಪಾಗಿದ್ದೇನೆ ಅಂತ ಮಧ್ಯಾಹ್ನ ಬೀಚಿನಲ್ಲಿ ಫೋಟೋ ತೆಗೆಸಿಕೊಳ್ಳಲು ಹೋದರೆ ಸುಡುತ್ತದೆ.

ಬಾಟಲಿ ಕೊಳ್ಳುವಾಗ ಆಮದಿನ ನೋಂದಣಿ ಸಂಖ್ಯೆ ಲೇಬಲ್ಲಿನಲ್ಲಿ ಇದೆಯಾ ನೋಡಬೇಕು. ನಮ್ಮಲ್ಲಿ 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಹೊರದೇಶದ ಮಾಲಿಗೆ ಅದು ಬೇಕೇ ಬೇಕು. ಸಣ್ಣ ಉದ್ದಿಮೆಗಳಿಗೆ ಇರುವ ಉದ್ಯಮ್ ನೋಂದಣಿ ಉಚಿತ, ಅರ್ಧ ಗಂಟೆಯ ಕೆಲಸ. ಜಿಎಸ್‌ಟಿಯ ಮಿತಿ ಸೇವೆಗೆ ವರ್ಷಕ್ಕೆ 20 ಲಕ್ಷ. ಅದರ ಬಗ್ಗೆ ನಮಗೆ ಸದ್ಯ ನಿದ್ದೆ ಕೆಟ್ಟಿಲ್ಲ.

ಉಪ್ಪುಗಾಳಿಗೆ ಮಾತ್ರ ನಿದ್ದೆ ಕೆಟ್ಟಿದೆ. ಮಳೆಗಾಲ ಮುಗಿದು ಗನ್ ತೆಗೆದಾಗ ಸೂಜಿಯ ತುದಿಯಲ್ಲಿ ಸಾಸಿವೆಯಷ್ಟು ತುಕ್ಕು. ಅಷ್ಟು ಸಾಕು, ಸ್ಪ್ರೇ ಬದಲು ಉಗುಳಲು ಶುರುವಾಗುತ್ತದೆ. ಈಗ ಪ್ರತಿ ಸಲ ಬಿಚ್ಚಿ, ತೊಳೆದು, ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡುತ್ತೇನೆ. ಇನ್ನೊಂದು ಸೂಜಿ, ಒಂದು ನಾಜಲ್, ನಾಲ್ಕು ರಬ್ಬರ್ ರಿಂಗ್ ಯಾವಾಗಲೂ ಎಕ್ಸ್‌ಟ್ರಾ. ಅಂಕೋಲೆಯಲ್ಲಿ ಭಾನುವಾರ ರಾತ್ರಿ ಇವು ಸಿಗುವುದಿಲ್ಲ.

ಡಿಸೆಂಬರ್

ಎರಡನೇ ಸಲ ಕಾರವಾರದಲ್ಲಿ ಐದು ಜನ. ದರ 2,500 ಮಾಡಿದ್ದೆವು. ಮೇ ತಿಂಗಳಲ್ಲಿ ಬೆನ್ನು ಕೆಡಿಸಿಕೊಂಡ ಮೂರನೆಯವನೂ ಬಂದಿದ್ದ. ಅವನಿಗೆ ದುಡ್ಡು ತಗೊಳ್ಳಲಿಲ್ಲ. ಉಳಿದ ನಾಲ್ವರಿಂದ 10,000 ಬಂತು, ಖರ್ಚೆಲ್ಲ ಕಳೆದು 4,100 ಉಳಿಯಿತು. ಎರಡು ದಿನ, ಇಬ್ಬರ ದುಡಿಮೆ. ಗ್ಯಾರೇಜಿನಲ್ಲಿ ಒಂದು ಬಂಪರಿಗೆ ಬಣ್ಣ ಹೊಡೆದರೆ ಇದಕ್ಕಿಂತ ಬಹಳ ಕಡಿಮೆಯೇನೂ ಸಿಗುವುದಿಲ್ಲ. ಇದೊಂದನ್ನೇ ನಂಬಿ ಅಂಗಡಿ ಬಿಡುತ್ತೇನೆ ಅನ್ನುವವರಿಗೆ ನಾನು ಬೇಡ ಅಂತಲೇ ಹೇಳುತ್ತೇನೆ. ಪಾರ್ಲರ್ ಇದ್ದವರಿಗೆ, ಮದುವೆ ಇಲ್ಲದ ವಾರಕ್ಕೆ ಸರಿ.

ಆಮೇಲೆ ಶಿರಸಿಯಿಂದ ಮೂವರು ಕರೆದರು. ಓಮ್ನಿಯಲ್ಲಿ ದೇವಿಮನೆ ಘಟ್ಟ ಹತ್ತಿದೆವು. ಲಾಡ್ಜಿನ ರೂಮಿನಲ್ಲಿ ಮೀಟರ್ ನೋಡಿ ನನಗೆ ಖುಷಿಯೋ ಖುಷಿ, ಎಸಿ ಹಾಕುವುದೇ ಬೇಡ. ರಾತ್ರಿಯ ಎರಡು ಕೋಟ್ ಲಕ್ಷಣವಾಗಿ ಬಂತು. ಬೆಳಿಗ್ಗೆ ಆರಕ್ಕೆ ಮೂರನೇ ಕೋಟಿಗೆ ಹುಡುಗ ಅಂಗಿ ತೆಗೆದ. ಚಳಿಗೆ ಮೈಯೆಲ್ಲ ಮುಳ್ಳೆದ್ದಿತ್ತು. ಒಂದೊಂದು ರೋಮದ ಬುಡವೂ ಗುಡ್ಡೆ. ಹಾಗೇ ಹೊಡೆದರೆ ಗುಡ್ಡೆಯ ಒಂದು ಪಕ್ಕಕ್ಕೆ ಮಾತ್ರ ಬಣ್ಣ ಬಿದ್ದು ಮೈಯೆಲ್ಲ ಚುಕ್ಕೆ ಚುಕ್ಕೆ ಆಗುತ್ತದೆ. ಕಂಬಳಿ ಹೊದಿಸೋಣ ಅಂದರೆ ರಾತ್ರಿಯ ಕೋಟ್ ಉಜ್ಜಿ ಹೋಗುತ್ತದೆ. ಟೀ ಕೊಡೋಣ ಅಂದರೆ ಸ್ಪರ್ಧೆಯ ದಿನ ಅವರು ನೀರನ್ನೇ ಗುಟುಕು ಲೆಕ್ಕದಲ್ಲಿ ಕುಡಿಯುವವರು.

ನಾನು ಸುಮ್ಮನೆ ನಿಂತಿದ್ದೆ. ಅಕ್ಕ ಹೋಸಿನಿಂದ ಗನ್ ಬಿಚ್ಚಿ ಪಕ್ಕಕ್ಕೆ ಇಟ್ಟಳು. ಟರ್ಬೈನ್ ಆನ್ ಮಾಡಿ ಬರೀ ಹೋಸನ್ನು ನನ್ನ ಕೈಗೆ ಕೊಟ್ಟು, "ಊದು" ಎಂದಳು. ಬೆಚ್ಚನೆಯ ಗಾಳಿ. ಭುಜದಿಂದ ಶುರು ಮಾಡಿ ಮೆಲ್ಲಗೆ ತೋಳಿನ ಗುಂಟ ಇಳಿಸಿದೆ. ಗಾಳಿ ಹೋದ ಹಾಗೆ ರೋಮ ಮಲಗುತ್ತಾ ಬಂತು. ಹುಡುಗ ಕಣ್ಣು ಮುಚ್ಚಿ, "ಅಕ್ಕಾ, ಹೀಗೇ ಇನ್ನೊಂದು ಐದು ನಿಮಿಷ ಇರ್ಲಿ" ಎಂದ.

ಏಳೂವರೆಗೆ ಮೂವರದ್ದೂ ಮುಗಿಯಿತು. ನಾನು ಟೆಂಟ್ ಮಡಚಲು ಒದ್ದಾಡುತ್ತಿದ್ದಾಗ ಅಕ್ಕ ಪೆಟ್ಟಿಗೆಯ ಮುಚ್ಚಳಕ್ಕೆ ಅಂಟಿಸಿದ ಪಟ್ಟಿಯ ಕೆಳಗೆ ಒಂದು ಸಾಲು ಸೇರಿಸಿದಳು: ರೂಮ್ ಹೀಟರ್, ಘಟ್ಟದ ಮೇಲೆ ಹೋಗುವಾಗ ಮಾತ್ರ.